ಚಾರ್ಟರ್ ಶಾಲೆಯಲ್ಲಿ ಮಕ್ಕಳು ಹೆಚ್ಚು ಕಲಿಯುತ್ತಾರೆಯೇ?

ಬೋಸ್ಟನ್ ಸುತ್ತಮುತ್ತ ಹೊಸದಾಗಿ ನೆಲೆಸಿದ ಕನ್ನಡದ ತಂದೆತಾಯಂದಿರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮಗುವನ್ನು ಚಾರ್ಟರ್ ಶಾಲೆಗೆ ಹಾಕೋಣವೇ, ಊರಿನ ಪಬ್ಲಿಕ್ ಶಾಲೆಯೇ ಸಾಕೇ?" ಚಾರ್ಟರ್ ಶಾಲೆ ಖಾಸಗಿಯಲ್ಲ, ಸರ್ಕಾರದ ಹಣದಲ್ಲೇ ನಡೆಯುತ್ತದೆ, ಫೀಸು ಇಲ್ಲ, ಆದರೆ ಶಿಕ್ಷಕರ ನೇಮಕದಲ್ಲೂ ವೇಳಾಪಟ್ಟಿಯಲ್ಲೂ ಅದಕ್ಕೆ ಹೆಚ್ಚಿನ ಸ್ವಾತಂತ್ರ್ಯವಿದೆ. ಇದಕ್ಕೆ ಅಮೆರಿಕದಲ್ಲಿ ಮೊದಲ ಕಾನೂನು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ.

ಬರೀ ಅಂಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮೋಸ ಹೋಗುತ್ತೇವೆ, ಏಕೆಂದರೆ ಅರ್ಜಿ ಹಾಕುವ ಶ್ರಮ ತೆಗೆದುಕೊಂಡ ಮನೆಯ ಮಗು ಎಲ್ಲಿದ್ದರೂ ಸ್ವಲ್ಪ ಮುಂದೆಯೇ ಇರಬಹುದು. ಇದಕ್ಕೆ ಪರಿಹಾರ ಒದಗಿಸಿದ್ದು ಲಾಟರಿ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚೀಟಿ ಎತ್ತಲೇಬೇಕು. ಗೆಳೆಯರೊಬ್ಬರ ಜೊತೆ ಅಂಥದ್ದೊಂದು ಸಂಜೆ ನಾನೂ ಕೂತಿದ್ದೆ. ಸೀಟುಗಳು ಮುಗಿದು ವೇಟಿಂಗ್ ಲಿಸ್ಟಿನ ಸಂಖ್ಯೆಗಳನ್ನು ಓದತೊಡಗಿದ ಮೇಲೂ, ಮುಂದಿನ ಸಾಲಿನ ಅಜ್ಜಿಯೊಬ್ಬರು ಬೆವರಿಗೆ ಮೆತ್ತಗಾದ ಚೀಟಿಯನ್ನು ಹಿಡಿದೇ ಕೂತಿದ್ದರು. ಸೀಟು ಸಿಕ್ಕ ಮಗುವಿಗೂ ಸಿಗದ ಮಗುವಿಗೂ ನಡುವೆ ಅಲ್ಲಿದ್ದ ವ್ಯತ್ಯಾಸ ಅದೃಷ್ಟವೊಂದೇ. ಆದ್ದರಿಂದಲೇ ಈ ಎರಡು ಗುಂಪುಗಳ ಹೋಲಿಕೆಯನ್ನು ನಾನು ನಂಬುತ್ತೇನೆ.

ಹಾಗೆ ಹೋಲಿಸಿದಾಗ ಬೋಸ್ಟನ್ ನಗರದ ಚಾರ್ಟರ್ ಶಾಲೆಗಳಲ್ಲಿ, ಮುಖ್ಯವಾಗಿ ಗಣಿತದಲ್ಲಿ, ದೊಡ್ಡ ಲಾಭ ಕಂಡಿತು. ಅದೇ ರಾಜ್ಯದ ಉಪನಗರಗಳ ಚಾರ್ಟರ್‌ಗಳಲ್ಲಿ ಅಂಥ ಲಾಭ ಕಾಣಲಿಲ್ಲ. 15 ರಾಜ್ಯಗಳ 36 ಚಾರ್ಟರ್ ಮಾಧ್ಯಮಿಕ ಶಾಲೆಗಳನ್ನು ನೋಡಿದ 2010ರ ಅಧ್ಯಯನದಲ್ಲಿ ಸರಾಸರಿ ವ್ಯತ್ಯಾಸವೇ ಇರಲಿಲ್ಲ. ಬಡ ಮಕ್ಕಳಿಗೆ ಗಣಿತದಲ್ಲಿ ಅನುಕೂಲವಾಗಿತ್ತು, ಅನುಕೂಲಸ್ಥರ ಮಕ್ಕಳಿಗೆ ಆಗಿರಲಿಲ್ಲ. ಲಾಟರಿಯ ಬದಲು ಹೋಲುವ ಮಕ್ಕಳನ್ನು ಜೋಡಿಸಿ ನೋಡುವ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರ 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ಓದಿನಲ್ಲಿ 16 ದಿನ, ಗಣಿತದಲ್ಲಿ 6 ದಿನದ ಕಲಿಕೆಯಷ್ಟು ಮಾತ್ರ ಮುಂದಿದ್ದರು. ಆನ್‌ಲೈನ್ ಚಾರ್ಟರ್‌ಗಳ ಸ್ಥಿತಿಯಂತೂ ಶೋಚನೀಯ: 2015ರ ಅವರದೇ ಅಧ್ಯಯನದ ಪ್ರಕಾರ ಗಣಿತದಲ್ಲಿ 180 ದಿನ, ಅಂದರೆ ಇಡೀ ಶಾಲಾ ವರ್ಷದಷ್ಟು ಹಿಂದೆ.

ನನ್ನ ಮಟ್ಟಿಗೆ ಕಲಿಸುವುದು ಬಾಗಿಲ ಮೇಲಿನ ಹೆಸರಲ್ಲ, ಒಳಗಿನ ಕೆಲಸ. ಉದ್ದನೆಯ ಶಾಲಾ ದಿನ, ಹಿಂದುಳಿದವರಿಗೆ ಪ್ರತ್ಯೇಕ ಪಾಠ, ಶಿಕ್ಷಕರಿಗೆ ಆಗಾಗ ಮಾರ್ಗದರ್ಶನ ಎಂಬ, ಯಶಸ್ವಿ ಚಾರ್ಟರ್‌ಗಳಲ್ಲಿ ಕಂಡ ಕ್ರಮಗಳನ್ನು ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ ಹ್ಯೂಸ್ಟನ್ನಿನ ಮಾಮೂಲಿ ಪಬ್ಲಿಕ್ ಶಾಲೆಗಳಲ್ಲೇ ಅಳವಡಿಸಿ ನೋಡಿದಾಗ, ಅಲ್ಲಿಯೂ ಗಣಿತ ಗಣನೀಯವಾಗಿ ಸುಧಾರಿಸಿತು.

ಹಾಗಾಗಿ ಉಪನಗರದಲ್ಲಿರುವ ನಮ್ಮವರಿಗೆ ನಾನು ಹೇಳುವುದು, ಚಾರ್ಟರ್ ಸಿಗಲಿಲ್ಲವೆಂದು ಕೊರಗಬೇಡಿ ಎಂದು. ನಗರದೊಳಗಿರುವವರು ಖಂಡಿತ ಅರ್ಜಿ ಹಾಕಲಿ. ಆದರೆ ಅದಕ್ಕೂ ಮೊದಲು ಶಾಲೆಗೆ ಹೋಗಿ, ವರ್ಷದ ನಡುವೆ ಎಷ್ಟು ಮಕ್ಕಳು ಬಿಟ್ಟು ಹೋಗುತ್ತಾರೆ, ಆ ಸೀಟುಗಳಿಗೆ ವೇಟಿಂಗ್ ಲಿಸ್ಟಿನಿಂದ ಬೇರೆಯವರನ್ನು ಕರೆಯುತ್ತಾರೆಯೇ ಎಂದು ಕೇಳಲಿ.