ಮೊದಲು ತಲೆಗೆ, ಆಮೇಲೆ ಕಾಲು

ಈ ಸಲ ವೈಶಾಖ ಶುದ್ಧ ದಶಮಿಗೆ, ನಿಮಿಷಾಂಬಾ ಜಯಂತಿಯ ದಿನ, ಮೂರು ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಶ್ರೀರಂಗಪಟ್ಟಣದ ಪಕ್ಕದ ಗಂಜಾಂಗೆ, ಅಮ್ಮನ ಗುಡಿಗೆ ಹೋಗಿದ್ದೆವು. ಮಗಳ ಹೆರಿಗೆ ಕಷ್ಟವಾದ ರಾತ್ರಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಹೊತ್ತ ಹರಕೆ ಅದು. "ತಾಯಿ ಮಗು ಇಬ್ಬರನ್ನೂ ಉಳಿಸಿಕೊಡಮ್ಮ, ನಿನ್ನ ಮಡಿಲು ತುಂಬುತ್ತೇನೆ" ಅಂದಿದ್ದೆ. ಉಳಿಸಿಕೊಟ್ಟಳು.

ದರ್ಶನಕ್ಕೆ ಮೊದಲು ಕಾವೇರಿ ಹೊಳೆಗೆ ಇಳಿದೆವು. ಬೇಸಿಗೆಯಾದ್ದರಿಂದ ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಮಲಗಿದ್ದವು. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ನೀರು ಬಿಟ್ಟರೆ ಇದೇ ಮೆಟ್ಟಿಲುಗಳು ಕಣ್ಣಿಗೇ ಬೀಳುವುದಿಲ್ಲ. ಬೊಗಸೆಯಲ್ಲಿ ನೀರು ತೆಗೆದು ನೆತ್ತಿಗೆ ಹಾಕಿಕೊಂಡೆ. ಆ ತಣ್ಣಗಿನ ನೀರು ಬೈತಲೆಯಿಂದ ಹಣೆಗೆ, ಹಣೆಯಿಂದ ಕತ್ತಿಗೆ ಇಳಿದಾಗ ನನ್ನ ಅಜ್ಜಿ ಪಕ್ಕದಲ್ಲೇ ನಿಂತಂತಾಯಿತು.

ಅಜ್ಜಿ ಗಂಜಾಂನವರು. ಬೇಸಿಗೆ ರಜಕ್ಕೆ ಹೋದರೆ ಬೆಳಕು ಹರಿಯುವ ಮೊದಲೇ ಎಬ್ಬಿಸಿ ಹೊಳೆಗೆ ಕರೆದುಕೊಂಡು ಬರುತ್ತಿದ್ದರು. ನಾವು ಮಕ್ಕಳು ನೀರು ಕಂಡರೆ ಧುಮುಕುವವರು. ಅಜ್ಜಿ ಲಂಗ ಹಿಡಿದು ನಿಲ್ಲಿಸುತ್ತಿದ್ದರು. "ಮೊದ್ಲು ತಲೆಗೆ ತಕ್ಕೊ ಕೂಸೇ, ಆಮೇಲೆ ಕಾಲಿಡು. ತಾಯಿನ ಕಾಲಲ್ಲಿ ಮಾತಾಡಿಸ್ಬಾರ್ದು." ಹಿತ್ತಾಳೆ ಚೊಂಬಿನಿಂದ ನೆತ್ತಿಗೆ ಸುರಿದಾಗ ಉಸಿರು ಕಟ್ಟುವಷ್ಟು ಚಳಿ. ಅಷ್ಟರಲ್ಲಿ ಎದುರಿಗೆ ಕರಿಘಟ್ಟದ ಮೇಲೆ ಆಕಾಶ ಕೆಂಪಾಗುತ್ತಿತ್ತು.

ಶ್ರೀರಂಗಪಟ್ಟಣದ ಕೋಟೆಯಾಚೆಗಿನ ಈ ಊರನ್ನು ಟಿಪ್ಪು ಸುಲ್ತಾನ್ ಶಹರ್ ಗಂಜಾಂ ಎಂದು ಕಟ್ಟಿದ. ಅದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ತಂದು ನೆಲೆಗೊಳಿಸಿದನೆಂದು ಗೆಜೆಟಿಯರ್‌ನಲ್ಲಿ ಓದಿದ್ದೇನೆ. ಕೆರೆ ನೀರು ಕುಡಿದು ಬೆಳೆದ ಬಯಲುಸೀಮೆಯ ಜನ ಮೊದಲ ಸಲ ಈ ತುಂಬು ಹೊಳೆಯ ಮುಂದೆ ನಿಂತಾಗ ಎಷ್ಟು ಅತ್ತರೋ. 1799ರಲ್ಲಿ ಕೋಟೆ ಬಿತ್ತು, ರಾಜಧಾನಿ ಮೈಸೂರಿಗೆ ಹೋಯಿತು. ಊರು ಮಾತ್ರ ಹೊಳೆಯ ಸೆರಗು ಬಿಡಲಿಲ್ಲ. ಸಿಡುಬಿಗೆ ಲಸಿಕೆ ಹಾಕಿಸಿದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕಟ್ಟಿಸಿದ ಚರ್ಚೂ ಇಲ್ಲಿದೆ, ಟಿಪ್ಪುವಿನ ಸಮಾಧಿ ಗುಂಬಜ್ ಇದೆ, ಅಮ್ಮನ ಗುಡಿ ಇದೆ. ಗಂಜಾಂ ಅಂಜೂರವನ್ನಂತೂ ಅಜ್ಜಿ ಮೊದಲು ಅಮ್ಮನಿಗೆ ಇಟ್ಟಲ್ಲದೆ ನಮ್ಮ ಕೈಗೆ ಕೊಟ್ಟವರಲ್ಲ.

ಮುಕ್ತಕ ಋಷಿಯ ಯಾಗ ಕೆಡಿಸಲು ಅಸುರರು ಬಂದಾಗ ತಾಯಿ ಒಂದು ನಿಮಿಷದಲ್ಲಿ ಕುಂಡದಿಂದ ಎದ್ದು ಬಂದ ಕಥೆ ನಿಮಗೆಲ್ಲ ಗೊತ್ತು. ಕೇಳಿದ್ದು ನಿಮಿಷದಲ್ಲಿ ಆಗುತ್ತದೆ ಎಂದೇ ಈಗ ಜನ ಬರುತ್ತಾರೆ, ಹುಣ್ಣಿಮೆಯ ದಿನವಂತೂ ಕಾಲಿಡಲು ಜಾಗವಿರುವುದಿಲ್ಲ. ಅಜ್ಜಿ ಹೇಳುತ್ತಿದ್ದುದು ಬೇರೆ. "ಅವಳದ್ದು ಯಾವತ್ತೂ ತಡ ಇಲ್ಲ ಕಣವ್ವ. ನಾವು ಪೂರ್ತಿ ಮನಸ್ಸಿಟ್ಟು ಕರೆಯೋದು ಒಂದು ನಿಮಿಷ, ಅದೇ ನಮ್ಮ ಕೈಲಿ ಆಗಲ್ಲ." ಆಸ್ಪತ್ರೆಯ ಮೆಟ್ಟಿಲ ಮೇಲೆ ನನಗೆ ಆ ನಿಮಿಷ ಸಿಕ್ಕಿತ್ತು.

ಮನಸ್ಸಿಗೆ ನೋವಾದದ್ದನ್ನೂ ಹೇಳದೆ ಇರಲಾರೆ. ಮಿಂದವರು ಉಟ್ಟ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟು ಹೋಗುತ್ತಿದ್ದಾರೆ. ಬಂಡೆಗೆ ಸುತ್ತಿಕೊಂಡ ಸೀರೆಗಳು, ಕೊಳೆತ ಪಂಚೆಗಳು, ನಡುವೆ ಶಾಂಪೂ ಪೊಟ್ಟಣ. ಪಾಪ ಕಳೆಯಲಿ ಎಂದು ಬಿಡುತ್ತಾರಂತೆ. ಹೆತ್ತವಳ ಮಡಿಲಿಗೆ ಹಳೆ ಬಟ್ಟೆ ಎಸೆದು ಬರುವ ವ್ರತ ಯಾವ ಶಾಸ್ತ್ರದಲ್ಲಿದೆ? ಕಾಲಿಡುವ ಮೊದಲು ನೀರನ್ನು ತಲೆಗೆ ತೆಗೆದುಕೊಳ್ಳುವವರೊಬ್ಬರೂ ಆ ಹೊತ್ತಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ದಯವಿಟ್ಟು ನಿಮ್ಮ ಮಕ್ಕಳಿಗಾದರೂ ಹೇಳಿಕೊಡಿ.

ಒಳಗೆ ಶ್ರೀಚಕ್ರಕ್ಕೆ ಕುಂಕುಮಾರ್ಚನೆ ಆಯಿತು. ಅರ್ಚಕರು ಅಮ್ಮನ ಪಾದದ ನಿಂಬೆಹಣ್ಣನ್ನು ಮಗಳ ಸೆರಗಿಗೆ ಹಾಕಿದರು. ಮೌಕ್ತಿಕೇಶ್ವರನಿಗೂ ಕೈಮುಗಿದು ಬಂದೆವು. ಹೊರಡುವ ಮೊದಲು ಮತ್ತೊಮ್ಮೆ ಮೆಟ್ಟಿಲಿಳಿದೆವು. ಮಗಳು ಕಾಲು ಮುಂದಿಡುತ್ತಿದ್ದಳು. "ಮೊದ್ಲು ತಲೆಗೆ ಕೂಸೇ" ಅಂದೆ. ಹಾಗೆ ಮಾತಾಡುವುದು ನನಗೆ ಎಂದೋ ತಪ್ಪಿಹೋಗಿತ್ತು. ಅವಳು ಬೆರಳು ಅದ್ದಿ ಮಗುವಿನ ನೆತ್ತಿಗೆ ನಾಲ್ಕು ಹನಿ ಸವರಿದಳು. ಮಗು ಬೆಚ್ಚಿ ಕಣ್ಣು ಬಿಟ್ಟಿತು, ಅಳಲಿಲ್ಲ. ನೀರು ಅದರ ಕಿವಿಯ ಪಕ್ಕದಿಂದ ಇಳಿದು ನನ್ನ ಸೆರಗಿಗೆ ಬಂತು. ಮನೆ ಸೇರುವವರೆಗೂ ಆ ಸೆರಗನ್ನು ನಾನು ಒರೆಸಿಕೊಳ್ಳಲಿಲ್ಲ.