"ನೀನು ಯಾರ ಕಡೆಯೋನು?"

ಮಂಗಳವಾರ ನಮ್ಮೂರಲ್ಲಿ ಗ್ರಾಮಸಭೆ ಇತ್ತು, ಹೋಗಿದ್ದೆ. ಇವತ್ತು ಶನಿವಾರ. ಇನ್ನೂ ಅಲ್ಲಿ ಕೇಳಿದ ಒಂದು ಮಾತು ತಲೆಯಿಂದ ಇಳಿದಿಲ್ಲ.

ಸಾರ್ವಜನಿಕರ ಸಮಸ್ಯೆ ಹೇಳಬಹುದು ಅಂತ ಮೈಕಿನಲ್ಲಿ ಕೂಗಿದರು. ನಾನು ಎದ್ದು ನಿಂತು ನಮ್ಮ ಬೀದಿ ಚರಂಡಿ ವಿಷಯ ತೆಗೆದೆ. ಎರಡು ಮಾತು ಆಡಿಲ್ಲ, ಮುಂದಿನ ಸಾಲಲ್ಲಿದ್ದ ನಮ್ಮ ವಾರ್ಡಿನ ಮೆಂಬರ್ ಕುರ್ಚಿಯಲ್ಲೇ ಹಿಂದಕ್ಕೆ ತಿರುಗಿದರು. "ಅದೆಲ್ಲ ಇರ್ಲಿ, ನೀನು ಯಾರ ಕಡೆಯೋನು?"

ನನಗೆ ಏನು ಹೇಳಬೇಕೋ ತೋಚಲಿಲ್ಲ. "ಗಾರೆಯೋನು" ಅಂದುಬಿಟ್ಟೆ. ಶಾಮಿಯಾನದಡಿ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡೋದು.

ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ ಅಂತಲ್ಲ. ಅವರ ಮನೆ ಕಾಂಪೌಂಡಿಗೆ ಪ್ಲಾಸ್ಟರ್ ಮಾಡಿದ್ದೇ ನಾನು. ಕೊನೇ ದಿನ ಅವರ ತಾಯಿ ಕೈಯಾರೆ ಮುದ್ದೆ ಬಡಿಸಿದ್ದರು. ನನ್ನ ಹೆಸರು, ನಮ್ಮಪ್ಪನ ಹೆಸರು, ನನ್ನ ಮೊಪೆಡ್ಡಿನ ಸದ್ದು ಎಲ್ಲ ಗೊತ್ತು. ಅವರು ಕೇಳಿದ್ದು ಬೇರೆ. ಇವನನ್ನು ಎಬ್ಬಿಸಿ ನಿಲ್ಲಿಸಿದವರು ಯಾರು ಅಂತ.

ನಿಜ ಹೇಳಬೇಕಂದ್ರೆ ಇಷ್ಟು ವರ್ಷದಲ್ಲಿ ನಾನು ಗ್ರಾಮಸಭೆಗೆ ಹೋಗಿದ್ದು ಇದೇ ಮೊದಲು. ಆದರೆ ಪುಸ್ತಕ ನೋಡಿದರೆ ನಾಲ್ಕೈದು ಸಲ ಹೋಗಿದ್ದೇನೆ! ಪಂಚಾಯ್ತಿ ಬಿಲ್ ಕಲೆಕ್ಟರ್ ಸಂಜೆ ಹೊತ್ತಿಗೆ ಪುಸ್ತಕ ಹಿಡಿದು ಮನೆ ಮುಂದೆ ಬರುತ್ತಾನೆ. "ಕೋರಂ ಕಮ್ಮಿ ಐತೆ, ಇಲ್ಲೊಂದು ಸೈನ್ ಹಾಕಣ್ಣ." ಒಟ್ಟು ಮತದಾರರಲ್ಲಿ ಹತ್ತರಲ್ಲೊಂದು ಪಾಲು, ಇಲ್ಲಾಂದ್ರೆ ನೂರು ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸೇರಬೇಕಂತೆ. ಸೇರಲ್ಲ. ಯಾಕೆ ಸೇರ್ತಾರೆ ಹೇಳಿ? ಸಭೆ ಇಡೋದು ಬೆಳಿಗ್ಗೆ ಹನ್ನೊಂದಕ್ಕೆ, ಕೆಲಸದ ದಿನ. ಆ ಹೊತ್ತಿಗೆ ನಾನು ಸಾರ್ವೆ ಮೇಲೆ ಇರ್ತೀನಿ, ನನ್ನ ಹೆಂಡತಿ ಗಾರ್ಮೆಂಟ್ಸಲ್ಲಿ ಮಿಷನ್ ಮುಂದೆ ಇರ್ತಾಳೆ. ಅಲ್ಲಿಗೆ ಹೋದರೆ ನನಗೆ ಒಂದು ದಿನದ ಸಾವಿರ ರೂಪಾಯಿ ಹೋಯ್ತು. ಹಾಗಾಗಿ ಸೈನ್ ಹಾಕಿ ಕಳಿಸ್ತಿದ್ದೆ. ಊರಿನ ಅರ್ಧ ಗ್ರಾಮಸಭೆ ನಡೆಯೋದು ಮನೆ ಜಗಲಿ ಮೇಲೇ.

ಈ ಸಲ ಹೋಗುವ ಹಾಗೆ ಮಾಡಿದ್ದು ಮೂಲೆ ಮನೆ ಅಜ್ಜಿ.

ನಮ್ಮ ಬೀದಿಗೆ ನರೇಗಾದಲ್ಲಿ, ಅಂದ್ರೆ ಉದ್ಯೋಗ ಖಾತ್ರಿ ಯೋಜನೆಯಲ್ಲಿ, ಮುನ್ನೂರು ಅಡಿ ಚರಂಡಿ ಆಯ್ತು. ಪಕ್ಕದಲ್ಲಿ ನಾಮಫಲಕ ಚೆನ್ನಾಗಿ ಕಟ್ಟಿದ್ದಾರೆ, ಇಟ್ಟಿಗೆ, ಪ್ಲಾಸ್ಟರ್, ಬಣ್ಣ ಎಲ್ಲ. ಮಾನವ ದಿನ ಇಷ್ಟು ಅಂತ ಬರೆದಿದೆ. ಮಣ್ಣು ಅಗೆದಿದ್ದು ಜೆಸಿಬಿ, ನಾನೇ ನೋಡಿದ್ದೇನೆ. ಇರಲಿ, ಅದು ಎಲ್ಲಾ ಊರಿನ ಕಥೆ, ಅದರ ಕಮ್ಮಿ ಕೂಲಿಗೆ ನನ್ನಂಥೋರು ಯಾರೂ ಹೋಗ್ತಿರಲಿಲ್ಲ ಅನ್ನೋದೂ ನಿಜ. ನನ್ನ ಸಿಟ್ಟು ಅದಲ್ಲ. ಚರಂಡಿಗೆ ವಾಟ, ಅಂದ್ರೆ ನೀರು ಹರಿಯೋ ಇಳಿಜಾರು, ಇಲ್ಲ. ನೀರು ಮುಂದಕ್ಕೆ ಹೋಗೋದಿಲ್ಲ, ಕೊನೆ ಹತ್ತಿರ ಬಂದು ಅಜ್ಜಿ ಮನೆ ಮುಂದೆ ನಿಲ್ಲುತ್ತೆ. ಆ ಅಜ್ಜಿ ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು, ಹಳೇ ಪ್ಲಾಸ್ಟಿಕ್ ಚೊಂಬಲ್ಲಿ ಆ ನೀರು ಮೊಗೆದು ಮೊಗೆದು ರಸ್ತೆ ಆಚೆಗೆ ಎರಚ್ತಾರೆ. ನಾನು ಕೆಲಸಕ್ಕೆ ಹೊರಡೋದೂ ಅದೇ ಹೊತ್ತಿಗೆ. ಒಂದು ದಿನ ಮೊಪೆಡ್ ನಿಧಾನ ಮಾಡಿದೆ. ಅಜ್ಜಿ ತಲೆ ಎತ್ತದೇ ಕೇಳಿದರು, "ನೀನೂ ಇದೇ ಕೆಲ್ಸ ಮಾಡೋನಲ್ವೇನಪ್ಪ?"

ಬೈದಿದ್ದರೂ ಅಷ್ಟು ನೋವಾಗ್ತಿರಲಿಲ್ಲ.

ಆ ಭಾನುವಾರ ಲೆವೆಲ್ ಪೈಪ್ ತೆಗೆದೆ. ಗೊತ್ತಿಲ್ಲದೋರಿಗೆ ಹೇಳ್ತೀನಿ. ಒಳಗೆ ಕಾಣುವಂಥ ಪ್ಲಾಸ್ಟಿಕ್ ಪೈಪು, ಅದರಲ್ಲಿ ನೀರು ತುಂಬಿಸೋದು. ಎರಡೂ ತುದಿಯಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ, ಮಧ್ಯೆ ಗೋಡೆ ಬರಲಿ, ಮೂಲೆ ಬರಲಿ. ಗುಳ್ಳೆ ಮಾತ್ರ ಇರಬಾರದು. ಒಂದೇ ಒಂದು ಗುಳ್ಳೆ ಸಿಕ್ಕಿಕೊಂಡರೂ ಮಟ್ಟ ಸುಳ್ಳು ಹೇಳುತ್ತೆ. ಪೈಪನ್ನು ಬೆರಳಲ್ಲಿ ತಟ್ಟಿ ತಟ್ಟಿ ಗುಳ್ಳೆ ಬಿಡಿಸೋದೇ ಅರ್ಧ ಕೆಲಸ. ಒಂದು ತುದಿ ಮಗಳು ಹಿಡಿದಳು, ಪಿಯುಸಿ ಓದ್ತಾಳೆ. ಮೂವತ್ತು ಮೂವತ್ತು ಅಡಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಪ್ರತಿ ಗುರುತಿಗೂ ಅಳೆದೆವು. ನೂರು ಅಡಿಗೆ ಆರಿಂಚು ಇಳಿಸಿದ್ದರೂ ಸಾಕಿತ್ತು. ಮೊದಲ ಇನ್ನೂರನಲ್ವತ್ತು ಅಡಿ ಹೆಚ್ಚುಕಮ್ಮಿ ಸಪಾಟು, ಕೊನೆಯ ಅರವತ್ತು ಅಡಿ ಮೂರಿಂಚು ಮೇಲಕ್ಕೆ ಹತ್ತಿದೆ. ಮೇಲಕ್ಕೆ! ನಾನು ಬಾತ್‌ರೂಮಿಗೆ ಹೀಗೆ ವಾಟ ಕೊಟ್ಟರೆ ಮನೆಯವರು ಕೂಲಿ ಕೊಡ್ತಾರಾ?

ಮಾಹಿತಿ ಹಕ್ಕಿನ ಅರ್ಜಿ ಹಾಕೋಣ ಅಂದವಳು ಮಗಳೇ. ಹತ್ತು ರೂಪಾಯಿ ಫೀಸು. ಒಂದೇ ವಿಷಯ ಕೇಳಬೇಕು, ನೂರೈವತ್ತು ಪದ ದಾಟಬಾರದು ಅಂತ ಇದೆಯಂತೆ, ಪದ ಎಣಿಸಿ ಎಣಿಸಿ ಬರೆದಳು. ಮೂವತ್ತು ದಿನದಲ್ಲಿ ಕೊಡಬೇಕು, ನಲವತ್ತು ದಾಟಿದ ಮೇಲೆ ಎಸ್ಟಿಮೇಟ್ ಪ್ರತಿ ಕೈಗೆ ಬಂತು. ಅದರಲ್ಲಿ ವಾಟ ಎಷ್ಟು ಕೊಡಬೇಕು ಅಂತ ಬರೆದೇ ಇದೆ. ಪೇಪರಲ್ಲಿ ನಮ್ಮ ಚರಂಡಿ ಚೆನ್ನಾಗಿ ಹರಿಯುತ್ತೆ.

ಹೀಗೆ ಆ ಕಾಗದ, ಮಗಳು ನೋಟ್‌ಬುಕ್ಕಲ್ಲಿ ಬರೆದ ಅಳತೆ, ಎರಡನ್ನೂ ಷರ್ಟ್ ಜೇಬಲ್ಲಿ ಇಟ್ಟುಕೊಂಡು ಮಂಗಳವಾರ ಹೋದೆ. ಹನ್ನೊಂದಕ್ಕೆ ಅಂದ ಸಭೆ ಹನ್ನೆರಡೂವರೆಗೆ ಶುರು. ಕೃಷಿ ಇಲಾಖೆಯವರು ಸಬ್ಸಿಡಿ ಬಗ್ಗೆ ಹೇಳಿದರು, ತೋಟಗಾರಿಕೆಯವರು ಹನಿ ನೀರಾವರಿ ಹೇಳಿದರು, ಆಮೇಲೆ ಆರೋಗ್ಯ, ಆಮೇಲೆ ಅಂಗನವಾಡಿ. ಎಲ್ಲ ಬೇಕಾದ್ದೇ, ಇಲ್ಲ ಅನ್ನಲ್ಲ. ಆದರೆ ನಮ್ಮ ಮಾತಿನ ಸರದಿ ಬರುವಷ್ಟರಲ್ಲಿ ಉಪ್ಪಿಟ್ಟು ಕೇಸರಿಬಾತ್ ತಟ್ಟೆ ಖಾಲಿಯಾಗಿ ಅರ್ಧ ಜನ ಎದ್ದು ಹೋಗಿದ್ದರು. ಹೆಂಗಸರೆಲ್ಲ ಹಿಂದೆ ಗೋಡೆ ಪಕ್ಕ ನೆಲದ ಮೇಲೆ ಕೂತಿದ್ದರು. ಕುರ್ಚಿ ಖಾಲಿ ಇದ್ದರೂ ಮುಂದೆ ಬನ್ನಿ ಅಂತ ಒಬ್ಬರೂ ಕರೆಯಲಿಲ್ಲ. ಆ ಸಾಲಲ್ಲೇ ಮೂಲೆಮನೆ ಅಜ್ಜಿಯೂ ಇದ್ದರು.

ಆಗ ಎದ್ದೆ. ಆಗಲೇ ಆ ಪ್ರಶ್ನೆ ಬಿದ್ದಿದ್ದು. ನೀನು ಯಾರ ಕಡೆಯೋನು.

ನಗು ನಿಂತ ಮೇಲೆ ಇಂಜಿನಿಯರ್ ಹುಡುಗ ಒಬ್ಬ, ಇಪ್ಪತ್ತೈದು ಇಪ್ಪತ್ತಾರು ಇರಬಹುದು, "ಲೆವೆಲ್ ಎಲ್ಲ ತೆಗೆದೇ ಮಾಡಿರೋದು" ಅಂದ. ನಾನು ಅಳತೆ ಓದಿ ಹೇಳಿದೆ. ಅವನು ಸುಮ್ನೆ ಫೋನ್ ನೋಡಿಕೊಂಡ. ಪಾಪ, ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಬರುವ ಮೊದಲೇ ಆದ ಕೆಲಸ ಅಂತ ಆಮೇಲೆ ಗೊತ್ತಾಯ್ತು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಪಿಡಿಒ ಮೇಡಂಗೂ ಎರಡು ಪಂಚಾಯ್ತಿ ಚಾರ್ಜು, ಎರಡು ಕಡೆನೂ ಬೈಸ್ಕೊಳ್ತಾರೆ. ಸಭೆ ನೋಡಿಕೊಳ್ಳೋಕೆ ನೋಡಲ್ ಅಧಿಕಾರಿಯಾಗಿ ಬಂದಿದ್ದು ದನದ ಡಾಕ್ಟರು. ಅವರೊಬ್ಬರೇ ನನ್ನ ಕಾಗದ ಈಸ್ಕೊಂಡು ಓದಿದರು. ಓದಿ, ಸಭೆಯ ದಾಖಲೆ ಬರೆಯೋರಿಗೆ "ಇದನ್ನ ನಡಾವಳಿಯಲ್ಲಿ ಬರೀರಿ" ಅಂದರು. ಅಷ್ಟೇ. ಆ ಒಂದು ಮಾತಿಗೆ ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು ಅಂದ್ರೆ ನೋಡಿ, ನಾವು ಎಷ್ಟು ಕಮ್ಮಿಗೆ ಒಗ್ಗಿಹೋಗಿದ್ದೀವಿ.

ಸಂಜೆ ಟೀ ಅಂಗಡಿಯಲ್ಲಿ ಇನ್ನೊಂದು ಸುತ್ತು. ಒಬ್ಬ, "ಏನಣ್ಣ, ಮೆಂಬರ್‌ಗೆ ನಿಲ್ತೀಯಾ?" ಅಂದ. ಇನ್ನೊಬ್ಬ, "ಎದುರು ಪಾರ್ಟಿಯೋರು ಎಷ್ಟು ಕೊಟ್ರು?" ಅಂದ. ಪಂಚಾಯ್ತಿ ಎಲೆಕ್ಷನ್ ಆಗಿ ಐದು ವರ್ಷ ಮುಗೀತಾ ಬಂತು, ಊರೆಲ್ಲ ಮುಂದಿನ ಎಲೆಕ್ಷನ್ ಲೆಕ್ಕದಲ್ಲಿದೆ. ಹಾಗಾಗಿ ಬಾಯಿ ಬಿಟ್ಟವನೆಲ್ಲ ಕ್ಯಾಂಡಿಡೇಟ್. ನಾನು ಇಲ್ಲ ಅಂದಷ್ಟೂ ಅವರಿಗೆ ಹೌದು ಅಂತ ಗಟ್ಟಿಯಾಯ್ತು. ಅವರದ್ದೂ ತಪ್ಪಿಲ್ಲವೇನೋ. ಮೊದಲು ಯಾರಾದರೂ ಎದ್ದು ಪ್ರಶ್ನೆ ಕೇಳಿದಾಗ ನಾನೂ ಇದನ್ನೇ ಅಂದಿದ್ದೀನಿ. ಎರಡು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ನೀರಿನ ವಿಷಯಕ್ಕೆ ಪಂಚಾಯ್ತಿ ಮುಂದೆ ಖಾಲಿ ಕೊಡ ಇಟ್ಟುಕೊಂಡು ಒಬ್ಬಳೇ ಕೂತಿದ್ದಳು. ಇವಳ ಹಿಂದೆ ಯಾರಿದ್ದಾರೋ ಅಂತ ನಾವು ಇದೇ ಅಂಗಡಿಯಲ್ಲಿ ಟೀ ಕುಡೀತಾ ಮಾತಾಡಿಕೊಂಡಿದ್ದೆವು. ಅವಳ ಮನೆಯಲ್ಲಿ ನೀರು ಬರ್ತಿರಲಿಲ್ಲ, ಅವಳ ಹಿಂದೆ ಇದ್ದಿದ್ದು ಅದೊಂದೇ. ನಮ್ಮಲ್ಲಿ ಒಬ್ಬನಿಗೂ ಅದು ಹೊಳೆಯಲಿಲ್ಲ.

ನಮ್ಮಪ್ಪ ಕೂಲಿ ಮಾಡಿದವರು, ಅಕ್ಷರ ಬರಲ್ಲ. ಊರ ಮುಂದಿನ ಹ್ಯಾಂಡ್‌ಪಂಪನ್ನು ಇವತ್ತಿಗೂ ನಜೀರ್ ಸಾಬ್ ಬೋರು ಅಂತಾರೆ. ಪಂಚಾಯ್ತಿ ಮಂತ್ರಿಯಾಗಿದ್ದರಲ್ಲ, ಊರೂರಿಗೆ ಬೋರ್‌ವೆಲ್ ಕೊಡಿಸಿ ನೀರ್ ಸಾಬ್ ಅನ್ನಿಸಿಕೊಂಡವರು, ಅವರು. 1987ರಲ್ಲಿ ಮಂಡಲ್ ಪಂಚಾಯ್ತಿ ಎಲೆಕ್ಷನ್ ಆದಾಗ ಅಪ್ಪ ಹೊಸ ಪಂಚೆ ಉಟ್ಟು ಓಟು ಹಾಕಿ ಬಂದಿದ್ದರಂತೆ. ಮಂಗಳವಾರ ರಾತ್ರಿ ಅವರಿಗೆ ಎಲ್ಲ ಹೇಳಿದೆ. ಮೆಂಬರ್ ಏನು ಕೇಳಿದರು ಅನ್ನೋದನ್ನೂ ಹೇಳಿದೆ. ಅಪ್ಪ ಬೀಡಿ ಆರಿಸಿ, "ಚರಂಡಿ ಕಡೆಯೋನು ಅನ್ನಬೇಕಿತ್ತು" ಅಂದರು. ಆ ಉತ್ತರ ನನಗೆ ಹೊಳೆದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಮೂರು ದಿನ ಹಲುಬಿದೆ. ಆಮೇಲೆ ಅನ್ನಿಸಿತು, ಗಾರೆಯೋನು ಅಂದಿದ್ದೂ ಸುಳ್ಳೇನಲ್ಲ. ನಕ್ಕವರು ನಕ್ಕರು, ಆದರೆ ಆ ಸಭೆಯಲ್ಲಿ ಚರಂಡಿಗೆ ಇಳಿದು ಅಳೆದವನು ನಾನೊಬ್ಬನೇ ಇದ್ದೆ.

ಬುಧವಾರ ಮೆಂಬರ್ ಕಡೆಯಿಂದ ಫೋನ್ ಬಂತು. ಅವರ ತಮ್ಮನ ಮನೆಗೆ ಟೈಲ್ಸ್ ಹಾಕೋ ಕೆಲಸ ನನಗೇ ಅಂತ ಹೇಳಿದ್ದರು, ಹದಿನೈದು ದಿನದ ಕೆಲಸ. ಈಗ ಬೇರೆಯವರಿಗೆ ಕೊಟ್ಟಿದ್ದಾರಂತೆ. ಹೆಂಡತಿ ಏನೂ ಅನ್ನಲಿಲ್ಲ, ಪಾತ್ರೆ ಮಾತ್ರ ಸ್ವಲ್ಪ ಜೋರಾಗಿ ಇಟ್ಟಳು. ತಾಲ್ಲೂಕಿನಲ್ಲಿ ಒಂದು ಕೆಲಸ ಸಿಕ್ಕಿದೆ, ಸೋಮವಾರದಿಂದ ಹೋಗಬೇಕು.

ನಡಾವಳಿ ಪ್ರತಿ ಕೇಳೋಕೆ ನಿನ್ನೆ ಪಂಚಾಯ್ತಿಗೆ ಹೋಗಿದ್ದೆ, ಇನ್ನೂ ಟೈಪ್ ಆಗಿಲ್ಲವಂತೆ. ಆದರೆ ದೂರಿಗೆ ಕ್ರಮ ಆಗಿದೆ ಅಂತ ಬಿಲ್ ಕಲೆಕ್ಟರ್ ನಗುನಗುತ್ತಾ ಹೇಳಿದ. ಬೀದಿಗೆ ಬಂದು ನೋಡಿದರೆ ಚರಂಡಿ ಉದ್ದಕ್ಕೂ ಬ್ಲೀಚಿಂಗ್ ಪೌಡರ್ ಎರಚಿದ್ದಾರೆ. ಇವತ್ತು ಬೆಳಿಗ್ಗೆ ಅಜ್ಜಿ ಅದೇ ಚೊಂಬಲ್ಲಿ ಬಿಳೀ ನೀರು ಮೊಗೀತಿದ್ದರು.