ಬ್ಲೆನಿಮ್ ಎಲ್ಲಿದೆ ಮಾರಾಯ್ರೆ?

ಮೊನ್ನೆ ರಾತ್ರಿ ಕಾರವಾರದಲ್ಲಿ ಜೋರು ಮಳೆ, ಕರೆಂಟೂ ಇಲ್ಲ. ಸುಮ್ನೆ ಮೊಬೈಲಿನಲ್ಲಿ ಜರ್ಮನಿ ನಕ್ಷೆ ತೆರೆದು, ಶಾಲೆಯಲ್ಲಿ ಓದಿದ್ದ ಬ್ಲೆನಿಮ್ ಯುದ್ಧದ ಜಾಗ ಹುಡುಕಿದೆ. ಸಿಕ್ಕಿದ್ದು ಇಂಗ್ಲೆಂಡಿನ ಅರಮನೆ! ಯುದ್ಧ ಗೆದ್ದ ಇಂಗ್ಲಿಷ್ ಸೇನಾಪತಿ ಮಾರ್ಲ್‌ಬರೋಗೆ ಕೊಟ್ಟ ಉಡುಗೊರೆ ಅದು. 1874ರಲ್ಲಿ ಚರ್ಚಿಲ್ ಹುಟ್ಟಿದ್ದೂ ಅಲ್ಲೇ.

ಜರ್ಮನಿಯಲ್ಲಿ ಆ ಹಳ್ಳಿಯ ಹೆಸರು ಬ್ಲಿಂಡ್‌ಹೈಮ್. ಇಂಗ್ಲಿಷರ ಬಾಯಲ್ಲಿ ಬ್ಲೆನಿಮ್ ಆಯಿತು. ನಮ್ಮ ಜಿಲ್ಲೆಯನ್ನೇ 'ನಾರ್ತ್ ಕೆನರಾ' ಮಾಡಿದವರು ಅಲ್ವಾ!

ಜರ್ಮನರು ಮಾತ್ರ ಯುದ್ಧಕ್ಕೆ ಹಳ್ಳಿಯ ಹೆಸರು ಇಟ್ಟಿಲ್ಲ. ಡ್ಯಾನ್ಯೂಬ್ ದಂಡೆಯಲ್ಲೇ ಸ್ವಲ್ಪ ಮೇಲಕ್ಕಿರುವ ಹೋಖ್‌ಸ್ಟೆಟ್ ಪಟ್ಟಣದ ಹೆಸರಲ್ಲಿ ಕರೆಯುತ್ತಾರೆ, ಅದೂ 'ಎರಡನೇ' ಹೋಖ್‌ಸ್ಟೆಟ್ ಯುದ್ಧ ಅಂತ. ಮೊದಲನೆಯದು 1703ರ ಸೆಪ್ಟೆಂಬರಿನಲ್ಲಿ, ಫ್ರೆಂಚರು ಮತ್ತು ದಕ್ಷಿಣ ಜರ್ಮನಿಯ ಬವೇರಿಯಾದವರು ಸೇರಿ ಗೆದ್ದಿದ್ದರು. ವರ್ಷ ತುಂಬುವ ಮೊದಲೇ, 1704ರ ಆಗಸ್ಟ್ 13ರಂದು, ಅದೇ ಬಯಲಲ್ಲಿ ಮಾರ್ಲ್‌ಬರೋ ಮತ್ತು ಆಸ್ಟ್ರಿಯಾ ಕಡೆಯ ಸೇನಾಪತಿ ಯೂಜೀನ್ ರಾಜಕುಮಾರನ ಕೈಯಲ್ಲಿ ಸೋತರು. 1800ರಲ್ಲಿ ಅಲ್ಲೇ ಮತ್ತೊಂದು ಯುದ್ಧ. ಪಾಪ, ಆ ಊರಿನವರು ಲೆಕ್ಕ ಇಡಲೇಬೇಕು.

ಇಂಗ್ಲಿಷರಿಗೆ ಹಳ್ಳಿಯೇ ಯಾಕೆ ನೆನಪಾಯಿತು ಅಂದರೆ, ಕಥೆ ಮುಗಿದದ್ದು ಅಲ್ಲಿ, ಅಂತ ನನ್ನ ಊಹೆ. ಫ್ರೆಂಚ್ ಸೇನಾಪತಿ ತಲ್ಲಾರನ ಬಲಗಡೆಯ ದಂಡು ಬ್ಲಿಂಡ್‌ಹೈಮ್ ಒಳಗೆ ಸೈನಿಕರನ್ನು ತುಂಬಿ ತುಂಬಿ ಕೊನೆಗೆ ಕೋವಿ ಎತ್ತಲೂ ಜಾಗ ಇಲ್ಲದ ಹಾಗೆ ಮಾಡಿಕೊಂಡಿತು, ಅಷ್ಟರಲ್ಲಿ ನಡುವಿನ ಸಾಲು ಮುರಿದು ಕುದುರೆ ಸವಾರರು ನದಿಗೆ ಬಿದ್ದರು, ತಲ್ಲಾರನೂ ಸೆರೆಸಿಕ್ಕ. ಹಳ್ಳಿಯೊಳಗಿದ್ದ ಸಾವಿರಾರು ಜನ ಏಂಡಿ ಬಲೆಯಲ್ಲಿ ಸಿಕ್ಕ ಬಂಗಡೆಯ ಹಾಗೆ. ರಾತ್ರಿಯಾಗುವಾಗ ಶರಣಾದರು. ಮಾರ್ಲ್‌ಬರೋ ಗೆದ್ದ ಸುದ್ದಿಯನ್ನು ಹೆಂಡತಿ ಸಾರಾಗೆ ಬರೆದದ್ದು ಹೆಂಡದಂಗಡಿಯ ಬಿಲ್ಲಿನ ಹಿಂದೆ!

ಒಂದೇ ಜಾಗಕ್ಕೆ ಎರಡು ಹೆಸರು ನಮಗೇನು ಹೊಸದಲ್ಲ. ಕಾಳಿ ಸೇತುವೆ ದಾಟಿದರೆ ಸದಾಶಿವಗಡ. ಸೋದೆ ಅರಸರ ಕೋಟೆಯಿಂದ ಬಂದ ಹೆಸರು. ಪಂಚಾಯಿತಿ ಬೋರ್ಡಿನಲ್ಲಿ ಮಾತ್ರ ಚಿತ್ತಾಕುಲ. ಹೊರಗಿನವರು ಇಲ್ಲಿಗೆ ಬಂದು ಎರಡೂ ಬೇರೆ ಊರು ಅಂದುಕೊಳ್ಳುತ್ತಾರೆ.

ಆದರೆ ಹೋಖ್‌ಸ್ಟೆಟ್‌ಗೆ ಇನ್ನೊಂದು ಫಜೀತಿ ಇದೆ. ಅದು ಇರುವುದು ಬವೇರಿಯಾದಲ್ಲಿ. ಬವೇರಿಯಾದ ದೊರೆ ಮ್ಯಾಕ್ಸ್ ಇಮ್ಯಾನ್ಯುಯಲ್ ಅವತ್ತು ಫ್ರೆಂಚರ ಕಡೆ ಇದ್ದವ, ಸೋತು ರಾಜ್ಯವನ್ನೇ ಬಿಟ್ಟು ಓಡಿದ. ಗೆದ್ದವರಿಗೆ ಆಕ್ಸ್‌ಫರ್ಡ್ ಹತ್ತಿರ ಅಷ್ಟು ದೊಡ್ಡ ಅರಮನೆ. ಹೋಖ್‌ಸ್ಟೆಟ್‌ನವರು ತಮ್ಮ ಹಳೇ ಅರಮನೆಯಲ್ಲಿ ಆ ಸೋಲಿನ ಕಥೆಯನ್ನೇ ಪ್ರದರ್ಶನಕ್ಕಿಟ್ಟಿದ್ದಾರೆ.